ಟ್ರೇಲ್‌ಗೆ ಪ್ರಚಾರ ಸಿಗುತ್ತಿದೆ, ಜಮೀನು ಕೈ ಬಿಡುತ್ತಿದೆ: ಯಾವುದನ್ನು ಮೊದಲು ಸರಿಮಾಡಬೇಕು?

ಹಿಮದಾರಿ (ಪ್ರಶ್ನೆ)

ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿ, ಶಟಾಕ್ವ ಕೌಂಟಿಯ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ಗಾಡಿ) ಟ್ರೇಲ್ ವಿಚಾರ. ಈರಿ ಸರೋವರದ ಕೃಪೆಯಿಂದ ಹಿಮಕ್ಕೆ ಬರವಿಲ್ಲ, ಬರ ಇರುವುದು ಜಾಗಕ್ಕೆ. ನಮ್ಮ ಸ್ನೋಮೊಬೈಲ್ ಕ್ಲಬ್ ನೋಡಿಕೊಳ್ಳುವ ದಾರಿಯ ಬಹುಪಾಲು ಖಾಸಗಿ ಜಮೀನಿನ ಮೇಲೆ ಹೋಗುತ್ತದೆ. ಪ್ರವಾಸೋದ್ಯಮದವರು ನಕ್ಷೆ ಅಚ್ಚು ಹಾಕಿಸಿ, ಫೆಬ್ರವರಿಯ ಒಂದು ವಾರಾಂತ್ಯದ ಸವಾರಿಗೆ ಜಾಹೀರಾತನ್ನೂ ಕೊಡುತ್ತೇವೆ ಎನ್ನುತ್ತಿದ್ದಾರೆ. ಇದೇ ಹೊತ್ತಿಗೆ ಇಬ್ಬರು ಮಾಲೀಕರು ಈ ಸಲ ಬೇಡ ಎಂದಿದ್ದಾರೆ. ಒಬ್ಬರದು ಆಲ್ಫಾಲ್ಫಾ ಎಂಬ ಮೇವಿನ ಬೆಳೆಯ ಹೊಲ, ಇನ್ನೊಬ್ಬರದು ದ್ರಾಕ್ಷಿ ತೋಟದ ಅಂಚು. ಒಪ್ಪಿಗೆ ಪತ್ರಗಳಲ್ಲಿ ಅರ್ಧ ಹಳೆಯವು, ಕೆಲವು ಬರೀ ಬಾಯಿಮಾತು. ಪತ್ರದಲ್ಲಿ ಏನೇನು ಇರಬೇಕು? ನಕ್ಷೆಯಲ್ಲಿ ಏನು ತೋರಿಸಬಾರದು? ಬಾಡಿಗೆ ಕೊಟ್ಟರೆ ಮಾಲೀಕರು ಉಳಿಯುತ್ತಾರೆಯೇ?

ಕಡತದವನು

ಮೊದಲು ಕಾಗದ, ಆಮೇಲೆ ಜಾಹೀರಾತು. ಕೌಂಟಿಯ ತೆರಿಗೆ ನಕ್ಷೆಯ ಮೇಲೆ ನಿಮ್ಮ ಟ್ರೇಲಿನ ಜಿಪಿಎಸ್ ಗೆರೆಯನ್ನು ಹಾಕಿ ನೋಡಿ. ಗೆರೆ ಮುಟ್ಟುವ ಜಮೀನಿನ ಪ್ರತಿ ತುಂಡಿಗೂ ಪಟ್ಟಿಯಲ್ಲಿ ಒಂದು ಸಾಲು: ಸೆಕ್ಷನ್-ಬ್ಲಾಕ್-ಲಾಟ್ ಸಂಖ್ಯೆ (ತೆರಿಗೆ ನಕ್ಷೆಯಲ್ಲಿ ಆ ತುಂಡಿನ ಗುರುತು), ಕ್ರಯಪತ್ರದಲ್ಲಿರುವ ಹೆಸರು, ಉಳುಮೆ ಮಾಡುವವರ ಹೆಸರು, ಪತ್ರ ಸಹಿಯಾದ ದಿನ. ಮಾಲೀಕರೊಬ್ಬರು, ಗುತ್ತಿಗೆಗೆ ಉಳುವವರು ಇನ್ನೊಬ್ಬರು ಆಗಿರುವುದು ತೀರಾ ಸಾಮಾನ್ಯ. ಮಾಲೀಕರು ಸಹಿ ಹಾಕಿದ್ದರೂ ಬೆಳೆ ಹಾಳಾಗುವುದು ಉಳುವವರದು, ದೂರು ಬರುವುದು ಅಲ್ಲಿಂದಲೇ. ಇಬ್ಬರನ್ನೂ ಕೇಳಿ. ಸೆಪ್ಟೆಂಬರಿನಲ್ಲಿ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಆ ವರ್ಷ ಕೈಬದಲಾದ ಜಮೀನುಗಳನ್ನು ಹುಡುಕಿ. ಮಾರಾಟವಾದ ಅಥವಾ ವಾರಸುದಾರರ ನಡುವೆ ಹಂಚಿಹೋದ ಜಮೀನಿಗೆ ಹಳೆಯ ಒಪ್ಪಿಗೆಯನ್ನು ನಂಬಿಕೊಂಡು ಹೋಗಬೇಡಿ.

ಪತ್ರ ಒಂದು ಪುಟ ಮೀರಬಾರದು, ಮೀರಿದರೆ ಯಾರೂ ಓದುವುದಿಲ್ಲ. ಅದರಲ್ಲಿ ಇರಬೇಕಾದದ್ದು: ದಾರಿ ಎಲ್ಲಿ ಹೋಗುತ್ತದೆ ಎಂಬ ಸಣ್ಣ ನಕ್ಷೆ, ಅಗಲ (ಗ್ರೂಮರ್, ಅಂದರೆ ಹಿಮ ಒತ್ತಿ ದಾರಿ ಸಮ ಮಾಡುವ ಯಂತ್ರ, ಹೋಗಬೇಕಾದರೆ 10–12 ಅಡಿ), ಯಾವ ದಿನದಿಂದ ಯಾವ ದಿನದವರೆಗೆ, ಸ್ನೋಮೊಬೈಲ್ ಮತ್ತು ಗ್ರೂಮರ್ ಮಾತ್ರ, ಎಟಿವಿ (ಕಚ್ಚಾ ದಾರಿಯ ನಾಲ್ಕು ಚಕ್ರದ ಗಾಡಿ) ಇಲ್ಲ. ಮಾಲೀಕರು ಯಾವಾಗ ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು ಎಂದು ಸ್ಪಷ್ಟವಾಗಿ ಬರೆಯಿರಿ. ಈ ಬಳಕೆ ಅನುಮತಿಯ ಮೇಲೆ ನಡೆಯುವುದು, ಇದರಿಂದ ಜಮೀನಿನ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ ಎಂಬ ಸಾಲು ಬಿಡಲೇಬೇಡಿ. ವರ್ಷಗಟ್ಟಲೆ ಓಡಾಡಿಸಿಕೊಂಡು ಆಮೇಲೆ ದಾರಿಯ ಹಕ್ಕು ಕೇಳಿಯಾರು ಎಂಬ ಹೆದರಿಕೆ ಎಷ್ಟೋ ಮಾಲೀಕರಿಗಿದೆ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ವಿಮೆಯ ಪ್ರಮಾಣಪತ್ರದಲ್ಲಿ ಮಾಲೀಕರನ್ನು ಹೆಚ್ಚುವರಿ ವಿಮಾದಾರರಾಗಿ ಸೇರಿಸಿಸಿ, ಪ್ರತಿಯನ್ನು ಕೈಗೇ ಕೊಡಿ. ಹೆಸರು ಕ್ರಯಪತ್ರದಲ್ಲಿ ಇರುವಂತೆಯೇ ಇರಲಿ. ಜಮೀನು ಟ್ರಸ್ಟ್ ಅಥವಾ ಕಂಪನಿ ಹೆಸರಿನಲ್ಲಿದ್ದರೆ ವ್ಯಕ್ತಿಯ ಹೆಸರು ಹಾಕಿದ ಪ್ರಮಾಣಪತ್ರ ಕ್ಲೇಮಿನ ದಿನ ತಕರಾರಿಗೆ ದಾರಿಯಾಗುತ್ತದೆ.

ತಂತಿಬೇಲಿ

ಬಾಡಿಗೆ ಕೊಡುವುದೇ ನೇರ ದಾರಿ ಅಂತ ನನ್ನ ಅನಿಸಿಕೆ. ಮೈಲಿಗೆ ಇಷ್ಟು ಅಂತ ಗೊತ್ತುಮಾಡಿಬಿಡಿ. ಈಗಿನ ಪದ್ಧತಿ ಹೆಂಗಿದೆ ಅಂದ್ರೆ ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಕಡತದವನು

ಸಿಟ್ಟು ಅರ್ಥವಾಗುತ್ತದೆ, ಆದರೆ ನ್ಯೂಯಾರ್ಕಿನಲ್ಲಿ ಬಾಡಿಗೆ ಮಾಲೀಕರಿಗೇ ತಿರುಗುಬಾಣ. ಇಲ್ಲಿನ ಜನರಲ್ ಆಬ್ಲಿಗೇಷನ್ಸ್ ಲಾ ಕಲಂ 9-103 ಮನರಂಜನೆಗೆ ಜಮೀನು ಬಿಟ್ಟುಕೊಟ್ಟವರಿಗೆ ರಕ್ಷಣೆ ಕೊಡುತ್ತದೆ, ಪಟ್ಟಿಯಲ್ಲಿ ಸ್ನೋಮೊಬೈಲ್ ಹೆಸರಿಟ್ಟೇ ಇದೆ. ಜಾಗವನ್ನು ಸುರಕ್ಷಿತವಾಗಿ ಇಡುವ, ಅಪಾಯದ ಬಗ್ಗೆ ಎಚ್ಚರಿಸುವ ಹೊಣೆ ಅವರ ಮೇಲೆ ಬರುವುದಿಲ್ಲ. ಆದರೆ ರಕ್ಷಣೆ ಎರಡು ಕಡೆ ತಪ್ಪುತ್ತದೆ: ಅಪಾಯ ಗೊತ್ತಿದ್ದೂ ಬೇಕೆಂದೇ ಎಚ್ಚರಿಸದಿದ್ದರೆ, ಮತ್ತು ಒಪ್ಪಿಗೆಗೆ ಪ್ರತಿಫಲ ಪಡೆದಿದ್ದರೆ. ರಾಜ್ಯ ಅಥವಾ ಕೇಂದ್ರ ಸರ್ಕಾರ ಕೊಟ್ಟ ಪ್ರತಿಫಲಕ್ಕೆ ಮಾತ್ರ ವಿನಾಯಿತಿ. ಕ್ಲಬ್ ಕೊಡುವ ಬಾಡಿಗೆ ಆ ವಿನಾಯಿತಿಗೆ ಬರುವುದಿಲ್ಲ. ನಾಲ್ಕು ಕಾಸಿಗೆ ಮಾಲೀಕರ ಕವಚ ಕಳಚಿಹಾಕಿದಂತಾಗುತ್ತದೆ. ಪತ್ರದಲ್ಲಿ "ಪ್ರತಿಫಲವಿಲ್ಲದೆ" ಎಂಬ ಪದ ಇರಲಿ. ನಗದಿನ ಯಾವುದೇ ಏರ್ಪಾಡು ಮನಸ್ಸಿನಲ್ಲಿದ್ದರೆ ಮೊದಲು ವಕೀಲರನ್ನು ಕೇಳಿ. ಇಂಥ ಕಾನೂನು ಅಮೆರಿಕದ 50 ರಾಜ್ಯಗಳಲ್ಲೂ ಇದೆ, ಆದರೆ ಒಳವಿವರ ಬೇರೆ ಬೇರೆ. ವರ್ಮಾಂಟ್‌ನವರ ಪತ್ರ ನಕಲು ಮಾಡಬೇಡಿ.

ತಂತಿಬೇಲಿ

ಪ್ರತಿಫಲದ ಸಂಗತಿ ತಲೆಗೆ ಬಂದಿರಲಿಲ್ಲ. ಬಾಡಿಗೆ ಮಾತು ವಾಪಸ್.

ರಾತ್ರಿಪಾಳಿ ಗ್ರೂಮರ್

ಆಲ್ಫಾಲ್ಫಾ ಹೊಲದವರು ಸುಮ್ಮನೆ ಬೇಡ ಎಂದಿರಲಾರರು. ಸಡಿಲ ಹಿಮದೊಳಗೆ ಸಿಕ್ಕಿಕೊಂಡ ಗಾಳಿಯೇ ಗಿಡಕ್ಕೆ ಕಂಬಳಿ. ಗ್ರೂಮರ್ ಅದನ್ನು ಒತ್ತಿ ಗಟ್ಟಿ ಮಾಡಿದಾಗ ಗಾಳಿ ಹೋಗುತ್ತದೆ, ಚಳಿ ಗಿಡದ ಬುಡಕ್ಕೆ ಇಳಿಯುತ್ತದೆ. ಒತ್ತಿದ ಹಿಮ ತಡವಾಗಿ ಕರಗಿ ಮಂಜುಗಡ್ಡೆಯ ಹಾಳೆಯಾಗಿ ಕೂತರೆ ಬುಡ ಉಸಿರುಕಟ್ಟಿ ಸಾಯುತ್ತದೆ. ಮೇ ತಿಂಗಳಲ್ಲಿ ಹೊಲದ ನಡುವೆ ಟ್ರೇಲಿನ ಅಗಲಕ್ಕೆ ಸರಿಯಾಗಿ ಕಂದು ಪಟ್ಟಿ ಕಾಣುತ್ತದೆ. ಆಲ್ಫಾಲ್ಫಾ ಹಲವು ವರ್ಷ ನಿಲ್ಲುವ ಬೆಳೆ, ಹೋದ ಪಟ್ಟಿ ಮರುವರ್ಷವೂ ಹೋದದ್ದೇ. ಚಳಿಗಾಲದ ಗೋಧಿಗೂ ಇದೇ ಗತಿ, ಜೊತೆಗೆ ಹಿಮದಡಿಯ ಬೂಷ್ಟು. ಕಟಾವಾದ ಮೆಕ್ಕೆಜೋಳದ ಕೂಳೆಯಿರುವ ಹೊಲದಲ್ಲಿ ಈ ತಾಪತ್ರಯವಿಲ್ಲ. ಹಾಗಾಗಿ ಆಗಸ್ಟಿನಲ್ಲೇ ಕೇಳಿ: ಈ ವರ್ಷ ಯಾವ ಹೊಲದಲ್ಲಿ ಏನಿದೆ? ಬೆಳೆ ಸರದಿ ಬದಲಾದಂತೆ ದಾರಿಯೂ ಬದಲಾಗಲಿ. ಬೇರೆ ದಾರಿಯೇ ಇಲ್ಲದಿದ್ದರೆ ಹೊಲದ ಅಂಚಿಗೆ ಒತ್ತರಿಸಿ ಒಂದೇ ಪಟ್ಟಿ ಹಾಕಿ. ನೆಲ ಹೆಪ್ಪುಗಟ್ಟದೆ, ಕನಿಷ್ಠ 6 ಇಂಚು ಹಿಮ ಕೂರದೆ ಗ್ರೂಮರ್ ಇಳಿಸಬೇಡಿ.

ದ್ರಾಕ್ಷಿ ತೋಟದ ಮಾತು ಬೇರೆ. ಅಲ್ಲಿ ಕಂಬದಿಂದ ಕಂಬಕ್ಕೆ ತಂತಿ ಎಳೆದಿರುತ್ತಾರೆ, ಮಬ್ಬು ಬೆಳಕಿನಲ್ಲಿ ಸವಾರನಿಗೆ ಕಾಣುವುದಿಲ್ಲ. ಸಾಲಿನೊಳಗೆ ಒಬ್ಬ ನುಗ್ಗಿದರೆ ಬಳ್ಳಿಯೂ ಹೋಗುತ್ತದೆ, ಕತ್ತೂ ಹೋಗಬಹುದು. ದಾರಿಯನ್ನು ಸಾಲಿನ ತುದಿಯಿಂದ ಆದಷ್ಟು ದೂರ ಇಟ್ಟು, ತೋಟದ ಬದಿಗೆ ಕಿತ್ತಳೆ ಬಲೆಯ ಹಿಮಬೇಲಿ ಕಟ್ಟಿ. ಬೋರ್ಡೊಂದನ್ನೇ ನಂಬಬೇಡಿ, ಬಿರುಗಾಳಿಯಲ್ಲಿ ಅದಕ್ಕೆ ಹಿಮ ಮೆತ್ತಿಕೊಂಡು ಅಕ್ಷರ ಕಾಣುವುದಿಲ್ಲ.

ಗೂಟಗಳ ವಿಚಾರ ಎಲ್ಲರೂ ಹಗುರವಾಗಿ ತಗೊಳ್ಳುತ್ತಾರೆ. ಕಬ್ಬಿಣದ ಗೂಟ ಹೊಲದಲ್ಲಿ ಬೇಡವೇ ಬೇಡ. ಮರದ ಗೂಟ ಹಾಕಿ, ಎಣಿಸಿ ನೆಡಿ, ಎಣಿಸಿ ಕೀಳಿ. ನೆಲ ಮೆತ್ತಗಾದ ವಾರದಲ್ಲೇ ಎಲ್ಲವೂ ಹೊರಗೆ ಬರಬೇಕು. ಮುರಿದ ಗೂಟದಲ್ಲಿ ಉಳಿದ ಸ್ಕ್ರೂ ಮೇವು ಕೊಯ್ಯುವ ಯಂತ್ರಕ್ಕೆ ಸಿಕ್ಕರೆ ಅಲಗು ಹೋಗುತ್ತದೆ, ತುಂಡಾಗಿ ಮೇವಿನಲ್ಲಿ ಬೆರೆತರೆ ಹಸುವಿನ ಹೊಟ್ಟೆಗೆ ಹೋಗುತ್ತದೆ. ಹೈನುಗಾರರಿಗೆ ಇದರಷ್ಟು ಕೋಪ ತರಿಸುವುದು ಬೇರೊಂದಿಲ್ಲ. ಮರಗಳಿಗೆ ಮೊಳೆ ಹೊಡೆಯುವುದೂ ಬೇಡ. ಮುಂದೆ ಗರಗಸಕ್ಕೆ ಸಿಕ್ಕುತ್ತದೆ, ದಿಮ್ಮಿಯ ಬೆಲೆ ಇಳಿಯುತ್ತದೆ.

ಹಿಮದಾರಿ

ಕೂಳೆ ಹೊಲ ಪಕ್ಕದಲ್ಲೇ ಇದೆ, ಆದರೆ ನಡುವೆ ಸಣ್ಣ ತೊರೆ. ಸೇತುವೆ ಹಾಕಬಹುದೇ? ನಕ್ಷೆಯ ಬಗ್ಗೆಯೂ ಯಾರಾದರೂ ಹೇಳಿ, ಮುದ್ರಣಕ್ಕೆ ಅವಸರ ಮಾಡುತ್ತಿದ್ದಾರೆ.

ಗೆರೆ ಎಳೆಯುವವಳು

ತೊರೆ ದಾಟಲು ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆ, ಅಂದರೆ ಡಿಇಸಿಯ ಅನುಮತಿ ಬೇಕಾಗಬಹುದು. ತೊರೆ ಯಾವ ವರ್ಗದ್ದು, ಪಕ್ಕದಲ್ಲಿ ಜೌಗು ಇದೆಯೇ ಎಂಬುದರ ಮೇಲೆ ಹೋಗುತ್ತದೆ. ಈ ಸೀಸನ್ನಿಗೆ ಆಗುತ್ತದೆಂದು ಲೆಕ್ಕ ಹಾಕಬೇಡಿ. ಸದ್ಯಕ್ಕೆ ಆ ತುಂಡು ಮುಚ್ಚಿದೆ ಎಂದೇ ಇಟ್ಟುಕೊಳ್ಳಿ.

ನಕ್ಷೆಗೆ ಬರೋಣ. ಅಚ್ಚಾದ ಕಾಗದ ಮೂರು ನಾಲ್ಕು ವರ್ಷ ಜನರ ಟ್ರಕ್ಕಿನಲ್ಲಿ ಬಿದ್ದಿರುತ್ತದೆ. ಮುಚ್ಚಿದ ದಾರಿ ಅದರಲ್ಲಿ ತೆರೆದೇ ಇರುತ್ತದೆ, ಮಾಲೀಕರ ಅಂಗಳಕ್ಕೆ ಬಂದವನು ನಕ್ಷೆ ತೋರಿಸಿ ವಾದಕ್ಕೆ ನಿಲ್ಲುತ್ತಾನೆ. ಅಚ್ಚಿನಲ್ಲಿ ಮುಖ್ಯ ದಾರಿ, ಪೆಟ್ರೋಲ್, ಊಟ, ವಾಹನ ನಿಲ್ಲಿಸುವ ಜಾಗ ಇದ್ದರೆ ಸಾಕು. ಕವಲು ದಾರಿಗಳು, ಯಾರದೋ ಮನೆಗೆ ಹೋಗುವ ಒಳದಾರಿಗಳು ಬೇಡ. ಉಳಿದದ್ದಕ್ಕೆ ಕ್ಯೂಆರ್ ಕೋಡ್ ಕೊಟ್ಟು ಆನ್‌ಲೈನ್ ನಕ್ಷೆಗೆ ಕಳಿಸಿ. ಅಲ್ಲಿ ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ ಮುಚ್ಚಲು ಬರುವಂತಿರಬೇಕು. ಇಡೀ ಟ್ರೇಲ್ ಒಂದೇ ಗೆರೆಯಾಗಿದ್ದರೆ ಒಬ್ಬರ ಹೊಲ ಮುಚ್ಚಲು ಎಲ್ಲವನ್ನೂ ಮುಚ್ಚಬೇಕಾಗುತ್ತದೆ. ದಾರಿಯ ಜಿಪಿಎಸ್ ಗೆರೆಯಿರುವ ಜಿಪಿಎಕ್ಸ್ ಕಡತ ಇಳಿಸಿಕೊಳ್ಳಲು ಬಿಡಬೇಡಿ, ಒಮ್ಮೆ ಹೊರಹೋದದ್ದನ್ನು ತಿದ್ದಲಾಗದು.

ಜಾಹೀರಾತಿನ ಚಿತ್ರಗಳನ್ನೂ ನೀವೇ ನೋಡಿ ಒಪ್ಪಿ. ಗುರುತಿಲ್ಲದ ಬಯಲಿನಲ್ಲಿ ಹಿಮ ಚಿಮ್ಮಿಸುತ್ತಾ ಹಾರುವ ಗಾಡಿಯ ಫೋಟೊ ಹಾಕಿದರೆ ಹೊಲಕ್ಕೆ ನುಗ್ಗಿ ಎಂದು ನೀವೇ ಕರೆದಂತೆ. ಗೂಟಗಳ ನಡುವೆ ಸಾಲಾಗಿ ಹೋಗುವ ಚಿತ್ರ ಹಾಕಿಸಿ.

ದಿನಾಂಕದ ಬಗ್ಗೆ ಒಂದು ಎಚ್ಚರ. ನಿಮ್ಮ ಕೌಂಟಿ ಬೇಟೆಯ ದಕ್ಷಿಣ ವಲಯದಲ್ಲಿದೆ. 2021ರಿಂದ ಡಿಸೆಂಬರ್ 26ರಿಂದ ಜನವರಿ 1ರವರೆಗೆ ಬಿಲ್ಲು ಮತ್ತು ಮಝಲ್‌ಲೋಡರ್‌ಗೆ (ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕು) ಜಿಂಕೆ ಬೇಟೆಯ ಅವಧಿ ಸೇರಿದೆ. ಬೇಟೆ ಮುಗಿಯದೆ ಗೇಟು ತೆರೆಯದ ಮಾಲೀಕರು ಬಹಳ. ನಿಮ್ಮ ಕೌಂಟಿ ಈ ಅವಧಿಯಿಂದ ಹೊರಗುಳಿದಿದೆಯೇ ನೋಡಿಕೊಂಡು, ಕ್ರಿಸ್‌ಮಸ್ ರಜೆಯ ಸವಾರಿ ಎಂದು ಎಲ್ಲೂ ಅಚ್ಚು ಹಾಕಿಸುವ ಮುಂಚೆ ಆ ಜಮೀನಿನವರನ್ನು ಕೇಳಿ.

ರಾತ್ರಿಪಾಳಿ ಗ್ರೂಮರ್

ಸದ್ದಿನ ಬಗ್ಗೆ ಯಾರೂ ಹೇಳಿಲ್ಲ. ಕಾರ್ಖಾನೆಯಿಂದ ಬಂದ ಗಾಡಿ ಪೂರ್ತಿ ಥ್ರಾಟಲ್‌ನಲ್ಲಿ 50 ಅಡಿ ದೂರಕ್ಕೆ 78 ಡೆಸಿಬೆಲ್ ಮೀರದಂತೆ ಪ್ರಮಾಣೀಕರಿಸಿರುತ್ತಾರೆ. ಸೈಲೆನ್ಸರ್ ಬದಲಿಸಿದವನೊಬ್ಬ ಆ ಲೆಕ್ಕವನ್ನೆಲ್ಲ ಮಣ್ಣುಪಾಲು ಮಾಡುತ್ತಾನೆ, ಟ್ರೇಲ್ ಮುಚ್ಚುವುದು ಅವನೊಬ್ಬನಿಂದಲೇ. ನಿಂತ ಗಾಡಿಯ ಸದ್ದು ಅಳೆಯಲು ಎಸ್‌ಎಇ ಜೆ2567 ಎಂಬ ವಿಧಾನವಿದೆ. ಫೆಬ್ರವರಿ ಸವಾರಿಯ ಹೆಸರು ನೋಂದಣಿ ಜಾಗದಲ್ಲೇ ಅಳೆದು, ಮೀರಿದವರಿಗೆ ನಂಬರ್ ಕೊಡಬೇಡಿ. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಮನೆಯಿಂದ 100 ಅಡಿಯೊಳಗೆ ಗಾಡಿ ಮುಂದೆ ಸರಿಯಲು ಬೇಕಾದಷ್ಟೇ ವೇಗದಲ್ಲಿ ಹೋಗಬೇಕು, ಇದು ರಾಜ್ಯದ ಕಾನೂನು. ಅಂಥ ಮನೆಗಳಿಗೆ 300 ಅಡಿ ಮುಂಚೆಯೇ ನಿಧಾನ ಎಂಬ ಬೋರ್ಡ್ ಹಾಕಿ.

ಆ ವಾರಾಂತ್ಯ ಟ್ರೇಲರ್‌ಗಳು ಎಲ್ಲಿ ನಿಲ್ಲುತ್ತವೆ ಎಂದೂ ಮೊದಲೇ ಗೊತ್ತುಮಾಡಿ. ಹೈನುಮನೆಯ ಗೇಟಿಗೆ ಅಡ್ಡ ನಿಂತ ಒಂದು ಟ್ರೇಲರಿನಿಂದ ಹಾಲಿನ ಟ್ಯಾಂಕರ್ ತಿರುಗಿ ಹೋದರೆ, ತೊಟ್ಟಿ ತುಂಬಿ ಮುಂದಿನ ಹಾಲನ್ನು ಚೆಲ್ಲಬೇಕಾಗುತ್ತದೆ. ಗೇಟಿನ ಎರಡೂ ಕಡೆ ಕೋನ್ ಇಟ್ಟು, ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆಂದು ಹಿಂದಿನ ದಿನವೇ ಕೇಳಿಕೊಂಡು, ಒಬ್ಬರನ್ನು ಅಲ್ಲೇ ನಿಲ್ಲಿಸಿ.

ಹಿಮದಾರಿ

ಮುದ್ರಣ ತಡೆಹಿಡಿಯಲು ಹೇಳಿದ್ದೇವೆ. ಪತ್ರದ ಕರಡು, ತುಂಡುವಾರು ಪಟ್ಟಿ ಸಿದ್ಧವಾದ ಮೇಲೆ ಇಲ್ಲೇ ಹಾಕುತ್ತೇನೆ. ಆಲ್ಫಾಲ್ಫಾ ಹೊಲದವರ ಹತ್ತಿರ ಒಪ್ಪಿಗೆ ಕೇಳದೆ, ಮೇ ತಿಂಗಳ ಪಟ್ಟಿ ತೋರಿಸಿ ಎಂದಷ್ಟೇ ಕೇಳಲು ಇಬ್ಬರು ಹೋಗುತ್ತಿದ್ದಾರೆ.

ಕಡತದವನು

ಸಂಜೆ ಹಾಲು ಕರೆಯುವ ಹೊತ್ತಿಗೆ ಹೋಗಬೇಡಿ.