ಸಿದ್ದಿ ಮಗಳ ಗುಂಗುರು ಕೂದಲಿಗೆ ದಿನಾ ಎರಡು ಜಡೆ ಹಾಕುವುದು ಹೇಗೆ?

ಕೌದಿ ಮನೆ, ಹಾಸನ

ನಾವು ಸಿದ್ದಿಯವರು, ಹಿಂದೆ ಆಫ್ರಿಕಾದಿಂದ ಬಂದವರ ವಂಶ, ಊರು ಯಲ್ಲಾಪುರದ ಕಡೆ. ಯಜಮಾನರ ಕೆಲಸಕ್ಕಾಗಿ ಹಾಸನಕ್ಕೆ ಬಂದು ನಾಲ್ಕು ವರ್ಷ ಆಯಿತು. ಮಗಳಿಗೆ ಎಂಟು ವರ್ಷ. ಈ ವರ್ಷದಿಂದ ಶಾಲೆಯಲ್ಲಿ ಎರಡು ಜಡೆ, ರಿಬ್ಬನ್ ಕಡ್ಡಾಯ ಮಾಡಿದ್ದಾರೆ. ಅವಳ ಕೂದಲು ಎಳೆದರೆ ಭುಜ ಮುಟ್ಟುತ್ತದೆ, ಬಿಟ್ಟರೆ ಕಿವಿಯ ಹತ್ತಿರ ಸುತ್ತಿಕೊಳ್ಳುತ್ತದೆ. ದಿನಾ ಬೆಳಿಗ್ಗೆ ಒಣ ಕೂದಲಿಗೆ ತೆಂಗಿನೆಣ್ಣೆ ಹಚ್ಚಿ ಬಾಚುತ್ತೇನೆ. ಅವಳು ಅಳುತ್ತಾಳೆ. ಬಾಚಣಿಗೆ ತುಂಬಾ ತುಂಡು ಕೂದಲು. ಹೋದ ತಿಂಗಳಿಂದ ಕಿವಿಯ ಮೇಲೆ, ಹಣೆಯ ಅಂಚಿನಲ್ಲಿ ತೆಳುವಾಗಿದೆ. ಸಣ್ಣ ಗುಳ್ಳೆಗಳೂ ಎದ್ದಿವೆ.

ನನ್ನ ತಲೆಯನ್ನು ಅವ್ವ ಯಾವಾಗಲೂ ಸಣ್ಣಗೆ ಕತ್ತರಿಸಿಬಿಡುತ್ತಿದ್ದಳು. ಹಾಗಾಗಿ ಈ ಕೂದಲಿಗೆ ಜಡೆ ಹಾಕುವುದು ನನಗೆ ಗೊತ್ತೇ ಇಲ್ಲ. ಮಗಳಿಗೆ ಕೂದಲು ಬಿಡಬೇಕೆಂದು ಆಸೆ. ಪಕ್ಕದ ಮನೆಯವರು ಪಾರ್ಲರಿಗೆ ಹೋಗಿ ಸ್ಟ್ರೇಟ್ ಮಾಡಿಸಿ ಎನ್ನುತ್ತಾರೆ. ಮನೆಗೆ ಬರುವುದು ಬೋರ್ ನೀರು, ಬಕೆಟ್ಟಿನಲ್ಲಿ ಬಿಳಿ ಕಲೆ ಕಟ್ಟುತ್ತದೆ. ಇಂಥ ಕೂದಲು ಇರುವವರು ಯಾರಾದರೂ ಇದ್ದರೆ ಹೇಳಿ.

ಗಿರಿಯ ಕೆಳಗೆ, ಚಿಕ್ಕಮಗಳೂರು

ತಂಗಿ, ನಾನೂ ಸಿದ್ದಿನೇ. ಹಳಿಯಾಳದವಳು, ಇಲ್ಲಿ ನರ್ಸ್. ಹಣೆಯ ಅಂಚು ತೆಳುವಾಗಿ ಗುಳ್ಳೆ ಎದ್ದಿದೆ ಅಂದರೆ ಜಡೆಯ ಎಳೆತ ಜಾಸ್ತಿಯಾಗಿದೆ ಅನಿಸುತ್ತದೆ. ಇದಕ್ಕೆ ಟ್ರಾಕ್ಷನ್ ಅಲೋಪೀಶಿಯಾ ಎನ್ನುತ್ತಾರೆ. ಬಿಗಿಯಾಗಿ ಎಳೆಯುವುದನ್ನು ಈಗಲೇ ನಿಲ್ಲಿಸಿದರೆ ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಬುಡವೇ ಹಾಳಾಗುತ್ತದೆ, ಆಮೇಲೆ ಬರುವುದಿಲ್ಲ. ಗುಳ್ಳೆಯಲ್ಲಿ ಕೀವು ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸು.

ನಮ್ಮ ಕೂದಲನ್ನು ಒರಟು ಅಂತಾರೆ. ಒರಟಲ್ಲ, ಬಹಳ ನಾಜೂಕು. ಸುರುಳಿ ಇರುವುದರಿಂದ ನೆತ್ತಿಯ ಜಿಡ್ಡು ತುದಿಯವರೆಗೆ ಇಳಿಯುವುದಿಲ್ಲ. ತಿರುವು ಇರುವಲ್ಲೆಲ್ಲ ಮುರಿಯುತ್ತದೆ. ಅದಕ್ಕೇ ಒಣ ಕೂದಲನ್ನು ಬಾಚಲೇಬೇಡ. ಎಣ್ಣೆ ಒಂದೇ ಸಾಲದು. ಕೂದಲಿಗೆ ತೇವ ಕೊಡುವುದು ನೀರು, ಎಣ್ಣೆ ಅದನ್ನು ಆರದಂತೆ ಹಿಡಿದಿಡುತ್ತದೆ ಅಷ್ಟೇ.

ಬೆಂಗಳೂರಿನಲ್ಲಿ ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಕೀನ್ಯಾದ ಹುಡುಗಿ ಇದ್ದಳು. ಒಂದು ಭಾನುವಾರ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ತಲೆ ಹೆಣೆದಳು. ಅಲ್ಲಿಯವರೆಗೆ ನನ್ನ ತಲೆಯನ್ನು ಯಾರೂ ಅಷ್ಟು ಮೆತ್ತಗೆ ಮುಟ್ಟಿರಲಿಲ್ಲ. ಅವಳು ಕಲಿಸಿದ್ದನ್ನೇ ನಿನಗೆ ಹೇಳುತ್ತಿದ್ದೇನೆ.

ಶನಿವಾರ ಮಧ್ಯಾಹ್ನ ಇದಕ್ಕೇ ಇಟ್ಟುಕೋ. ವಾರಕ್ಕೆ ಒಂದೇ ಸಲ ತಲೆಸ್ನಾನ ಸಾಕು. ಸೀಗೆಕಾಯಿ ನನ್ನ ಕೂದಲನ್ನು ಒಣಗಿಸಿತು, ಹಾಗಾಗಿ ಬಿಟ್ಟೆ. ಬೋರ್ ನೀರಿನಲ್ಲಿ ತೊಳೆದರೂ ಕೊನೆಯ ಎರಡು ಚೊಂಬಿಗೆ ನಲ್ಲಿಯಲ್ಲಿ ಬರುವ ಹೇಮಾವತಿ ನೀರೋ ಮಳೆ ನೀರೋ ಬಳಸು. ಆಮೇಲೆ ಕಂಡೀಷನರ್ ಧಾರಾಳವಾಗಿ ಹಚ್ಚು. ದಾಸವಾಳದ ಎಲೆಯ ಲೋಳೆಯೂ ಆಗುತ್ತದೆ, ಚೆನ್ನಾಗಿ ಜಾರುತ್ತದೆ. ಆದರೆ ಬಟ್ಟೆಯಲ್ಲಿ ಸೋಸು, ಇಲ್ಲದಿದ್ದರೆ ಸೊಪ್ಪಿನ ಚೂರು ಸುರುಳಿಯೊಳಗೆ ಸಿಕ್ಕಿ ಎರಡು ದಿನವಾದರೂ ಬಿಡುವುದಿಲ್ಲ.

ತಲೆಯನ್ನು ಆರೇಳು ಪಾಲು ಮಾಡಿ ಕ್ಲಿಪ್ ಹಾಕು. ಒಂದೊಂದೇ ಪಾಲನ್ನು ಮೊದಲು ಬೆರಳಲ್ಲಿ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಿಡಿಸು. ತುದಿಯಿಂದ ಶುರು ಮಾಡಿ ಬುಡಕ್ಕೆ ಬಾ. ಕಂಡೀಷನರೋ ಲೋಳೆಯೋ ಹಚ್ಚಿದ್ದನ್ನು ತೊಳೆದು, ತೇವ ಇರುವಾಗಲೇ ಸ್ವಲ್ಪ ಕೂದಲಿನ ಕ್ರೀಮು, ಅದರ ಮೇಲೆ ಎಣ್ಣೆ.

ಈಗ ಜಡೆ. ನಿಮ್ಮ ಹಾಸನದ ಕಡೆ ಆಲೂಗಡ್ಡೆ ಹೊಲದಲ್ಲಿ ಸಾಲು ಇರುತ್ತಲ್ಲ, ಹಾಗೆ ನೆತ್ತಿಗೆ ಅಂಟಿದ ಸಾಲು ಜಡೆ. ಕಾರ್ನ್‌ರೋ ಎನ್ನುತ್ತಾರೆ, ಆ ಹೆಸರೂ ಮೆಕ್ಕೆಜೋಳದ ಹೊಲದ ಸಾಲಿನಿಂದಲೇ ಬಂದದ್ದು. ನಡು ಬೈತಲೆ ತೆಗೆದು ಆ ಕಡೆ ಮೂರು, ಈ ಕಡೆ ಮೂರು ಸಾಲು ಹಾಕು. ಮೂರು ಎಳೆ ಹಿಡಿದು ಹೆಣೆಯುತ್ತಾ ಪ್ರತಿ ಸುತ್ತಿಗೂ ಕೆಳಗಿನಿಂದ ಸ್ವಲ್ಪ ಕೂದಲು ಸೇರಿಸಿಕೊಂಡು ಹಿಂದಕ್ಕೆ ಹೋಗು. ಹಿಂದೆ ಆ ಮೂರನ್ನೂ ಸೇರಿಸಿ ಒಂದು ಜಡೆ, ಈ ಮೂರನ್ನೂ ಸೇರಿಸಿ ಇನ್ನೊಂದು. ರಿಬ್ಬನ್ ಕಟ್ಟು. ಶಾಲೆ ಕೇಳಿದ ಎರಡು ಜಡೆ ಆಯಿತು, ವಾರವಿಡೀ ಬಾಚಣಿಗೆ ಮುಟ್ಟುವಂತಿಲ್ಲ. ಹಣೆಯ ಅಂಚಿನ ಎಳೆ ಕೂದಲನ್ನು ಸೇರಿಸಬೇಡ. ಹೆಣೆದ ಮೇಲೆ ಮಗಳಿಗೆ ಹುಬ್ಬು ಏರಿಸಲು ಹೇಳು. ನೋವಾದರೆ ಅಲ್ಲೇ ಬಿಚ್ಚಿ ಸಡಿಲ ಮಾಡು. ಎರಡು ವಾರಕ್ಕಿಂತ ಜಾಸ್ತಿ ಬಿಡಬೇಡ.

ರಾತ್ರಿ ಹತ್ತಿ ದಿಂಬು ತೇವ ಹೀರುತ್ತದೆ, ಉಜ್ಜಿ ಕೂದಲು ಮುರಿಯುತ್ತದೆ. ಸ್ಯಾಟಿನ್ ಬಟ್ಟೆಯ ಟೋಪಿ ಹೊಲಿದು ಹಾಕು.

ಕನ್ನಡಿ ಅಂಗಡಿ, ಹಾಸನ

ಇಲ್ಲೇ ಪಾರ್ಲರ್ ಇಟ್ಟಿದ್ದೇನೆ ರೀ. ಎಂಟು ವರ್ಷದ ಮಗುವಿಗೆ ಸ್ಟ್ರೇಟ್ ಬೇಡವೇ ಬೇಡ. ಆಫ್ರಿಕಾದವರ ಕೂದಲಿಗೆ ಅಂತ ಬರುವ, ಗುಂಗುರು ನೇರ ಮಾಡುವ ರಿಲ್ಯಾಕ್ಸರ್‌ಗಳಲ್ಲಿ ಹಲವು ಕ್ಷಾರದವು, ನೆತ್ತಿ ಸುಡಬಲ್ಲವು. ಕೂದಲು ನಯ ಮಾಡುವ ಕೆಲವು ಕ್ರೀಮುಗಳಿಂದ ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬರುತ್ತದೆ. ಬುಡದಲ್ಲಿ ಹೊಸದಾಗಿ ಹುಟ್ಟುವುದು ಗುಂಗುರೇ, ಹಳೆಯದು ಹೊಸದು ಸೇರುವ ಕಡೆ ತುಂಡಾಗುತ್ತದೆ.

ಬೇಲೂರು ರಸ್ತೆ ಟೀಚರ್

ಶಾಲೆಯಲ್ಲಿ ಮುಂಚೆಯೇ ಹೇಳಿಬಿಡಿ ಅಮ್ಮಾ, ಇದು ಫ್ಯಾಷನ್ ಅಲ್ಲ, ಅವಳ ಕೂದಲಿಗೆ ಬೇಕಾದ ಜಡೆ ಅಂತ. ನಾವು ಟೀಚರುಗಳಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. 2016ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಹೆಣ್ಣುಮಕ್ಕಳೇ ಶಾಲೆಯ ಕೂದಲಿನ ನಿಯಮದ ವಿರುದ್ಧ ನಿಂತರು. 2019ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥ ಕೂದಲು, ಜಡೆಯ ಕಾರಣಕ್ಕೆ ಭೇದ ಮಾಡಬಾರದೆಂದೇ ಕಾನೂನು ಬಂತು.

ಕೌದಿ ಮನೆ, ಹಾಸನ

ಅಕ್ಕಾ, ಶನಿವಾರ ಮಾಡಿದೆ. ಎರಡೂವರೆ ಗಂಟೆ ಹಿಡಿಯಿತು. ಮೊದಲ ಸಾಲು ಸೊಟ್ಟ, ನಾಲ್ಕನೆಯದು ನೆಟ್ಟಗೆ ಬಂತು. ಒಂದು ಸಲವೂ ಅಳಲಿಲ್ಲ, ನಡುವೆ ನಿದ್ದೆಯೇ ಮಾಡಿಬಿಟ್ಟಳು. ಕೌದಿಗೆ ಎತ್ತಿಟ್ಟಿದ್ದ ಚೂರುಗಳಲ್ಲಿ ನೀಲಿ ಸ್ಯಾಟಿನ್ ಲೈನಿಂಗ್ ಇತ್ತು, ಟೋಪಿ ಹೊಲಿದೆ. ಈಗ ಅವಳ ಗೊಂಬೆಗೂ ಒಂದು ಬೇಕಂತೆ. ಇವತ್ತು ಗುರುವಾರ. ಎಡ ಕಿವಿಯ ಹತ್ತಿರದ ಒಂದು ಸಾಲು ಮಾತ್ರ ಸಡಿಲವಾಗಿದೆ. ಎಲ್ಲವನ್ನೂ ಬಿಚ್ಚಬೇಕಾ?

ಗಿರಿಯ ಕೆಳಗೆ, ಚಿಕ್ಕಮಗಳೂರು

ಬೇಡ ತಂಗಿ. ಅದೊಂದನ್ನೇ ಬಿಚ್ಚಿ, ನೀರು ಚಿಮುಕಿಸಿ, ಮತ್ತೆ ಹೆಣೆ. ಅಲ್ಲೇ ಅಲ್ವಾ ಕೂದಲು ತೆಳುವಾಗಿದ್ದದ್ದು? ಸಡಿಲವಾಗಿಯೇ ಇರಲಿ.