ಅಪ್‌ಡೇಟ್: ಫ್ಲ್ಯಾಗ್‌ಸ್ಟಾಫ್ ಕಾಡಿನಲ್ಲಿ ಡೇರೆ ಹಾಕಿ ಬಂದೆವು

ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಊರಿನ ಸುತ್ತಲಿರುವ ಕೊಕೊನೀನೊ ರಾಷ್ಟ್ರೀಯ ಅರಣ್ಯದಲ್ಲಿ ಶುಲ್ಕವಿಲ್ಲದೆ ಡೇರೆ ಹಾಕಬಹುದೇ ಎಂದು ಹಿಂದೆ ಕೇಳಿದ್ದೆ. ಹಾಕಬಹುದು. 30 ದಿನಗಳ ಅವಧಿಯಲ್ಲಿ 14 ದಿನ ಮಾತ್ರ ಎಂಬ ಮಿತಿಯಿದೆ.

ನಿಮ್ಮಲ್ಲೊಬ್ಬರು ಸೂಚಿಸಿದಂತೆ ಅರಣ್ಯ ಇಲಾಖೆಯ ಉಚಿತ ವಾಹನ ನಕ್ಷೆಯನ್ನು ಮನೆಯಲ್ಲೇ ಮೊಬೈಲ್‌ಗೆ ಇಳಿಸಿಕೊಂಡಿದ್ದೆವು. ಯಾವ ಮಣ್ಣುರಸ್ತೆಯ ಪಕ್ಕದಲ್ಲಿ ತಂಗಬಹುದು ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಕಾಡಿನೊಳಗೆ ನೆಟ್‌ವರ್ಕ್ ನಂಬುವಂತಿರಲಿಲ್ಲ. ನಲ್ಲಿ, ಶೌಚಾಲಯ, ಕಸದ ತೊಟ್ಟಿ ಯಾವುದೂ ಇಲ್ಲ. ಕುಡಿಯುವ ನೀರನ್ನೆಲ್ಲ ಹೊತ್ತೊಯ್ದು, ಕಸವನ್ನೆಲ್ಲ ಹೊತ್ತು ತಂದೆವು. ಶೌಚಕ್ಕೆ ನೀರಿನ ಸೆಲೆಗಳಿಂದ 200 ಅಡಿ ದೂರದಲ್ಲಿ, ಕನಿಷ್ಠ 6 ಅಂಗುಲ ಆಳದ ಗುಂಡಿ ತೋಡಿ ಮುಚ್ಚಬೇಕು. ಮಕ್ಕಳು ಇದಕ್ಕೆ ಬೇಗ ಒಗ್ಗಿಕೊಂಡರು.

ಸೌದೆಯ ಬೆಂಕಿಯ ಬಗ್ಗೆ ಎಚ್ಚರಿಸಿದವರಿಗೆ ವಿಶೇಷ ಕೃತಜ್ಞತೆ. 2010ರ ಜೂನ್‌ನಲ್ಲಿ ಯಾರೋ ಆರಿಸದೆ ಬಿಟ್ಟುಹೋದ ಶಿಬಿರದ ಬೆಂಕಿಯಿಂದಲೇ ಇಲ್ಲಿ ಶುಲ್ಟ್ಸ್ ಕಾಳ್ಗಿಚ್ಚು ಹಬ್ಬಿ ಸುಮಾರು 15,000 ಎಕರೆ ಸುಟ್ಟಿತು. ಬೆಂದ ಇಳಿಜಾರಿನ ಮೇಲೆ ಮಳೆ ಸುರಿದಾಗ ಪ್ರವಾಹ ಕೆಳಗಿನ ಮನೆಗಳಿಗೆ ನುಗ್ಗಿತು. ಆ ಗುಡ್ಡಗಳನ್ನು ಕಂಡ ಮೇಲೆ, ನಿರ್ಬಂಧ ಇರಲಿ ಬಿಡಲಿ, ಬೇಸಿಗೆಯಲ್ಲಿ ಅಲ್ಲಿ ಸೌದೆ ಹೊತ್ತಿಸಲೇಬಾರದು ಎಂದು ನನಗೆ ಅನ್ನಿಸಿದೆ. ಉಪ್ಪಿಟ್ಟಿಗೂ ಕಾಫಿಗೂ ಚಿಕ್ಕ ಗ್ಯಾಸ್ ಒಲೆ ಧಾರಾಳವಾಗಿ ಸಾಕಾಯಿತು.

ಊರು ಸುಮಾರು 7,000 ಅಡಿ ಎತ್ತರದಲ್ಲಿದೆ; ಬೇಸಿಗೆಯ ರಾತ್ರಿಗೂ ದಪ್ಪ ಕಂಬಳಿ ಬೇಕು. ಜುಲೈ, ಆಗಸ್ಟ್‌ನಲ್ಲಿ ಹೋಗುವವರು ಮಧ್ಯಾಹ್ನದ ಗುಡುಗು ಸಿಡಿಲಿಗೆ ಮುನ್ನವೇ ಬೆಟ್ಟದಿಂದ ಇಳಿದುಬಿಡಿ.