ಬಿಬಿಸಿ ಮೈಕ್ರೋ: ಹಳೇ ಮಷೀನಿಗೆ ಸೀದಾ ಕರೆಂಟ್ ಕೊಡಬಹುದೇನ್ರಿ?

ಪ್ರಶ್ನೆ (ಕಲಬುರಗಿ): ಸಾಲಿ ಸ್ಟೋರ್‌ರೂಮಿನ್ಯಾಗ ಬಿಬಿಸಿ ಮೈಕ್ರೋ ಮಾಡೆಲ್ ಬಿ ಅನ್ನೋ ಹಳೇ ಕಂಪ್ಯೂಟರ್ ಅದ. ಇದು ನಮ್ಮ ಕಡಿ ಸಾಲಿಗಳಿಗೆ ಹ್ಯಾಂಗ ಬಂತು? ಪ್ಲಗ್ ಹಚ್ಚಿದರ ನಡೀತದೇನ್ರಿ?

ಉತ್ತರ 1: ಈಗೇ ಹಚ್ಚಬ್ಯಾಡ್ರಿ ಸರ್. ಪವರ್ ಸಪ್ಲೈ ಡಬ್ಬಿಯೊಳಗ ಮೇನ್ಸ್ ಫಿಲ್ಟರಿನ (ಗೋಡಿ ಕರೆಂಟಿನ ಗದ್ದಲ ಸೋಸೋ ಭಾಗ) ಎರಡು ಕೆಪಾಸಿಟರ್ (ಚಾರ್ಜ್ ಹಿಡಿದಿಡೋ ಬಿಡಿಭಾಗ) ಅವ, 0.1 ಮತ್ತು 0.01 ಮೈಕ್ರೋಫ್ಯಾರಡ್. ಹಳದಿ ಕವಚ ಬಿರುಕು ಬಿಟ್ಟು ಒಳಗಿನ ಕಾಗದ ತೇವ ಹೀರಿರ್ತದ. ಕರೆಂಟ್ ಬಿದ್ದರ ಒಡೆದು, ಖೋಲಿ ತುಂಬ ಹೊಗಿ. ಎರಡೂ ತೆಗೆದು ಅದೇ ಅಳತಿಯ ಎಕ್ಸ್2 ದರ್ಜೆಯವೇ (ಮೇನ್ಸ್ ಕರೆಂಟಿಗೆ ಹಚ್ಚಲಿಕ್ಕಂತ ಮಾಡಿದವು) ಹಾಕಿಸ್ರಿ, ಬ್ಯಾರೇದು ನಡೆಯಂಗಿಲ್ಲ. ಪ್ಲಗ್ ಕಿತ್ತಮ್ಯಾಲೂ ದೊಡ್ಡ ಕೆಪಾಸಿಟರಿನ್ಯಾಗ ಚಾರ್ಜ್ ಉಳಿದಿರ್ತದ, ಬಲ್ಲವರ ಕಡಿಂದ್ಲೇ ಮಾಡಿಸ್ರಿ.

ಉತ್ತರ 2: ಇದು ಬ್ರಿಟನ್ನಿನ ಏಕಾರ್ನ್ ಕಂಪನಿ 1981ರ ಡಿಸೆಂಬರಿನ್ಯಾಗ ತಂದದ್ದು. 6502 ಪ್ರೊಸೆಸರ್, 2 ಮೆಗಾಹರ್ಟ್ಸ್. ಮೆಮೊರಿ ಮಾಡೆಲ್ ಎಗೆ 16 ಕೆಬಿ, ಬಿಗೆ 32 ಕೆಬಿ. ಭಾರತ ಸರ್ಕಾರದ ಕ್ಲಾಸ್ ಯೋಜನೆ (ಸಾಲಿಗಳಾಗ ಕಂಪ್ಯೂಟರ್ ಕಲಿಸೋ ಯೋಜನೆ) 1984ರಾಗ ಇದನ್ನೇ ಸಾಲಿಗಳಿಗೆ ಆರಿಸಿತು. ಅದರ ಮೆಮೊರಿಯೊಳಗ ಮೋಡ್ 0 (ಪರದೆ ತೋರಿಸೋ ಒಂದು ರೀತಿ) ಪರದೆಗೇ 20 ಕೆಬಿ ಹೋಗ್ತದ, ಮೋಡ್ 7ಕ್ಕ 1 ಕೆಬಿ ಸಾಕು. ದೊಡ್ಡ ಪ್ರೋಗ್ರಾಮ್ ಮೋಡ್ 7ರಾಗೇ ಬರೀರಿ.

ಉತ್ತರ 3: ಚಾಲೂ ಮಾಡಿದಾಗ ಎರಡು ಸ್ವರ ಕೇಳಬೇಕು. ಒಂದೇ ಸ್ವರ ನಿಲ್ಲದೇ ಎಳೆದರ ಮಷೀನ್ ಎದ್ದಿಲ್ಲಂತ ತಿಳ್ಕೊಳ್ರಿ. ನಮ್ಮ ಬ್ಯಾಸಗಿ ಸೆಕಿಗೆ ಸಾಕೆಟಿನ ಚಿಪ್‌ಗಳು ಹಿಗ್ಗಿ ಕುಗ್ಗಿ ಮ್ಯಾಲ ಏಳ್ತಾವ. ಪ್ಲಗ್ ತೆಗೆದು ಒಂದೊಂದೇ ಒತ್ತಿ ಕೂಡಿಸಿ ನೋಡ್ರಿ.